ಚಿಗವ್ವನ ಮುದ್ದತ್ತು

ಚಿಗವ್ವ ತೀರಿಕೊಂಡ ಸುದ್ದಿ ಬಂದಾಗ ನಾನು ಸಂತೆಕಲ್ಲೂರಿನ ನಮ್ಮ ಶಾಲೆಯಲ್ಲಿ ಮಕ್ಕಳಿಂದ ಮಗ್ಗಿ ಹೇಳಿಸುತ್ತಿದ್ದೆ. ಸಿಕ್ಕ ಆಟೋ ಹತ್ತಿ, ಅದರಿಂದ ಬಸ್ಸಿಗೆ ಬಿದ್ದು ಲಿಂಗಸುಗೂರಿನ ಆಕೆಯ ಮನೆ ಮುಟ್ಟುವಷ್ಟರಲ್ಲಿ ಅಂಗಳ ತುಂಬ ಜನ. ಅವರಲ್ಲಿ ಅರ್ಧಕ್ಕರ್ಧ ಮಂದಿಯ ಗುರುತು ಆಕೆಯ ಗಂಡನಿಗೇ ಇರಲಿಲ್ಲ. ಬಂದರು, ಹೂವು ಹಾಕಿದರು, ಒಂದು ಗಳಿಗೆ ಕೈಕಟ್ಟಿ ನಿಂತರು, ಯಾರ ಕೂಡವೂ ಮಾತಾಡದೆ ಹೋದರು. "ಇವರೆಲ್ಲ ಯಾರಬೇ?" ಎಂದು ಆಕೆಯ ಗಂಡ, ನಮ್ಮ ಕಾಕಾ, ನನ್ನನ್ನು ಕೇಳಿದರು. ನನಗೆ ಅಂದಾಜು ಇತ್ತು, ಆದರೂ ಗೊತ್ತಿಲ್ಲ ಎಂದೆ. ಚಿಗವ್ವನ ಮನೆಯಲ್ಲಿ ಅಷ್ಟು ವರ್ಷ ಆಡಿ ಬೆಳೆದವಳಿಗೆ ಅಷ್ಟಾದರೂ ಬುದ್ಧಿ ಬೇಡವೇ?

ಆಕೆಯ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಜೀವಮಾನವಿಡೀ ಇನ್ನೊಬ್ಬರ ಹೆಸರನ್ನು ತುಟಿ ದಾಟಿಸದ ಹೆಂಗಸಿನ ಹೆಸರು ಪೇಪರಿಗೆ ಹಾಕುವುದು ಸರಿಯಲ್ಲ. ನನ್ನ ಸ್ವಂತ ಚಿಗವ್ವನೂ ಅಲ್ಲ. ಮಸ್ಕಿಯಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ನಮ್ಮವ್ವ ಆಕೆಯನ್ನು ತಂಗಿ ಎಂದು ಕರೆಯುತ್ತಿದ್ದಳು, ಹಾಗಾಗಿ ನನಗೆ ಚಿಗವ್ವ. ತವರು ಪಾಮನಕಲ್ಲೂರು. ಗಂಡ ಕರೆಂಟಿನ ಲೈನ್‌ಮನ್, ಕಂಬ ಹತ್ತಿ ಇಳಿಯುವುದು ಬಿಟ್ಟರೆ ಯಾವ ಗದ್ದಲಕ್ಕೂ ಹೋಗದ ಮನುಷ್ಯ. ಚಿಗವ್ವ ಸಿಂಧನೂರಿನ ಆಸ್ಪತ್ರೆಯಲ್ಲಿ ಎಚ್‌ಐವಿ ಪರೀಕ್ಷೆಗೆ ಬಂದವರ ಜೊತೆ ಕುಳಿತು ಮಾತಾಡುವ ಆಪ್ತಸಮಾಲೋಚಕಿ. ಈ ಪದ ನಮ್ಮ ಓಣಿಯಲ್ಲಿ ಯಾರ ನಾಲಿಗೆಗೂ ಹೊರಳಲಿಲ್ಲ. "ಸಿಂಧನೂರಾಗ ಆಕಿಗೆ ಮಾತಾಡೋ ನೌಕರಿ ಐತಿ" ಎಂದು ನಮ್ಮವ್ವ ಬೀಗರಿಗೆಲ್ಲ ಹೇಳುತ್ತಿದ್ದಳು. ಬರೀ ಮಾತಾಡಿದ್ದಕ್ಕೆ ಪಗಾರ ಕೊಡುತ್ತಾರಲ್ಲ ಎಂದು ವಾಚಾಳಿಯಾದ ನನಗೆ ಹೊಟ್ಟೆಕಿಚ್ಚು.

ದಿನಾ ಬೆಳಿಗ್ಗೆ ಸಿಂಧನೂರು ಬಸ್ಸು, ಸಂಜೆ ವಾಪಸು. ಬಂದವಳೇ ಕಾಲು ತೊಳೆದು, ನಮ್ಮ ಕಟ್ಟೆಯ ಮೇಲೆ ಕುಳಿತು, ಚೀಲದಿಂದ ಸಿಂಧನೂರಿನ ಮಿರ್ಚಿ ಭಜಿಯ ಪೊಟ್ಟಣ ತೆಗೆಯುತ್ತಿದ್ದಳು. ಬಸ್ಸಿನಲ್ಲಿ ಆರಿ ಮೆತ್ತಗಾದ ಆ ಮಿರ್ಚಿಯ ರುಚಿ ಬಿಸಿ ಮಿರ್ಚಿಗೂ ಇಲ್ಲ ಎಂದು ನಾನು ಇವತ್ತಿಗೂ ವಾದ ಮಾಡುತ್ತೇನೆ. ನಾನು ತಿನ್ನುತ್ತ ನನ್ನ ಡಿಎಡ್ ಕಾಲೇಜಿನ ಪುರಾಣ ಬಿಚ್ಚುತ್ತಿದ್ದೆ, ಆಕೆ ಮೊರದಲ್ಲಿ ತೊಗರಿ ಹಸನು ಮಾಡುತ್ತ ಹೂಂಗುಡುತ್ತಿದ್ದಳು. ಆಮೇಲೆ ನಾನು ಪೀಡಿಸಿ ಪೀಡಿಸಿ ಆಕೆಯ ಕಡೆಯಿಂದ ಒಂದು ಕತೆ ಹೊರಡಿಸಬೇಕು.

ಹೇಳಿದರೂ ಹೇಗೆ ಹೇಳುತ್ತಿದ್ದಳು ಅಂತೀರಿ? "ಇವತ್ತ ಒಂದು ಜೀವ ಬಂದಿತ್ತು. ಅಂಜಿಕೊಂಡಿತ್ತು. ಮಾತಾಡಿತು, ಅತ್ತಿತು, ಹೋತು." ಗಂಡೋ ಹೆಣ್ಣೋ, ಮುದುಕರೋ ಹರೆಯದವರೋ, ಯಾವ ಊರು, ಯಾವ ಜಾತಿ, ಒಂದೂ ಇಲ್ಲ. "ಜೀವ ಅಂದ್ರ ಏನ್ ಚಿಗವ್ವಾ, ಆಕಳೇನು?" ಎಂದು ನಾನು ರೇಗಿಸಿದರೆ "ಆಕಳಂತಾನಾ ತಿಳಕೋ, ನಿಂದೇನ್ ಹೋಗಬೇಕಾಗೇತಿ" ಎನ್ನುವಳು. ಕನ್ನಡದಲ್ಲಿ ಬಂದ, ಬಂದಳು ಎನ್ನದೆ ಒಂದು ವಾಕ್ಯ ಮುಗಿಸುವುದು ಎಷ್ಟು ಕಷ್ಟ ಎಂದು ಕನ್ನಡ ಕಲಿಸುವ ನನಗೆ ಗೊತ್ತು. ಆಕೆ ಸಲೀಸಾಗಿ ಮಾಡುತ್ತಿದ್ದಳು.

ಇನ್ನೊಂದು ಚಾಳಿ. ಸಿಂಧನೂರಿನ ಪೇಟೆಯಲ್ಲಿ ಆಕೆಯ ಜೊತೆ ಹೋದರೆ ಯಾರನ್ನೂ ತಾನಾಗಿ ಮಾತಾಡಿಸುತ್ತಿರಲಿಲ್ಲ. ಎದುರಿಗೆ ಬಂದವರು ನಕ್ಕರೆ ನಗುವಳು, ಇಲ್ಲದಿದ್ದರೆ ಗೋಡೆ ನೋಡಿದಂತೆ ನೋಡಿ ಮುಂದೆ ಹೋಗುವಳು. ಎಂಥ ಸೊಕ್ಕಿನ ಹೆಂಗಸು ಎಂದು ಬಳೆ ಅಂಗಡಿಯಲ್ಲಿ ಒಬ್ಬಾಕೆ ಅಂದದ್ದನ್ನು ನಾನೇ ಕೇಳಿಸಿಕೊಂಡೆ. ಚಿಗವ್ವನಿಗೆ ಹೇಳಿದರೆ, "ನಾ ನಮಸ್ಕಾರ ಅಂದ್ರ ಬಾಜೂಕ ಇದ್ದವ್ರು ಆಕಿ ನಿನಗ ಹೆಂಗ ಗೊತ್ತು ಅಂತ ಕೇಳ್ತಾರ. ಆ ಜೀವ ಏನ್ ಹೇಳಬೇಕು? ಸೊಕ್ಕಿನಾಕಿ ಅನ್ನಲಿ ಬಿಡು" ಎಂದಳು.

ಈಗ ಮುದ್ದತ್ತಿನ ವಿಷಯ. ಆಕೆಯ ಕೋಣೆಯ ಗೋಡೆಗೆ ಒಂದು ದೊಡ್ಡ ಚಿತ್ರಪಟವಿತ್ತಂತೆ. ಅದರಲ್ಲಿ 'ಗವಾಕ್ಷಿ ಅವಧಿ' ಎಂದು ದಪ್ಪ ಅಕ್ಷರ. ಸೋಂಕು ಮೈಗೆ ಹೊಕ್ಕರೂ ಪರೀಕ್ಷೆಗೆ ಕಾಣಿಸದ ಮೊದಲ ದಿನಗಳಿಗೆ ಯಾರೋ ಪಂಡಿತರು ಇಟ್ಟ ಹೆಸರು. ಅದನ್ನು ಓದಿದ ಒಂದು ಜೀವ, "ಅಕ್ಕೋರ, ಈ ಗವಾಕ್ಷಿ ಅನ್ನಾಕಿ ಯಾರ್ರೀ? ಆಕಿಗೂ ಐತೇನ್ರಿ?" ಎಂದು ಕೇಳಿತಂತೆ. ಚಿಗವ್ವ ನಮ್ಮ ಕಟ್ಟೆಯ ಮೇಲೆ ಇದನ್ನು ಹೇಳಿ ತಾನೇ ಬಿದ್ದು ಬಿದ್ದು ನಕ್ಕಳು. ಮರುದಿನದಿಂದ ಗವಾಕ್ಷಿ ಅವಧಿಯನ್ನು ಬಿಟ್ಟು 'ಮುದ್ದತ್ತು' ಎನ್ನತೊಡಗಿದಳು. ನಮ್ಮ ಕಡೆ ಮುದ್ದತ್ತು ಗೊತ್ತಿಲ್ಲದ ಮನುಷ್ಯ ಯಾರು? ಬ್ಯಾಂಕಿನ ಠೇವಣಿಗೆ ಮುದ್ದತ್ತು, ಕರಾರಿಗೆ ಮುದ್ದತ್ತು, ಅಂಗಡಿಯ ಔಷಧಕ್ಕೆ ಮುದ್ದತ್ತು. ತನ್ನ ಈ ಪದದ ಬಗ್ಗೆ ಆಕೆಗೆ ಬಹಳ ಅಭಿಮಾನ.

"ಜ್ವಾಳ ಬಿತ್ತಿದ ಮರುದಿನಾ ಹೊಲಕ್ಕ ಹೋಗಿ ನೋಡು. ಏನ್ ಕಾಣ್ತೈತಿ? ಮಣ್ಣು. ಹಂಗಂತ ಬಿತ್ತಿಲ್ಲ ಅನ್ನಾಕ ಬರ್ತೈತೇನು?" ಎಂದು ನನಗೇ ಒಂದು ಸಂಜೆ ಪಾಠ ಮಾಡಿದಳು. "ನಮ್ಮ ಪರೀಕ್ಷೆ ಹುಳಾನ ನೋಡಂಗಿಲ್ಲ. ಹುಳಾ ಹೊಕ್ಕಿದ್ದಕ್ಕ ಮೈ ಎದುರು ನಿಂತಿರ್ತೈತಲ್ಲ, ಅದನ್ನ ನೋಡ್ತೈತಿ. ಮೈ ಎದ್ದು ನಿಲ್ಲಾಕ ದಿನಾ ಬೇಕು. ಬಾಳ ಮಂದಿಗೆ ಕೆಲವು ವಾರದಾಗ ಕಾಣ್ತೈತಿ, ಖಾತ್ರಿ ಬೇಕಂದ್ರ ಮೂರು ತಿಂಗಳ ಮುದ್ದತ್ತು ತುಂಬಬೇಕು. ಆ ನಡುವ ಮತ್ತ ಹಾದಿ ತಪ್ಪಬಾರದು. ಕಾಣವಲ್ದು ಅಂದ್ರೂ ಆ ದಿನದಾಗ ಇನ್ನೊಬ್ಬರಿಗೆ ಹತ್ತತೈತಿ. ಅದಾ ಕೆಟ್ಟ."

ಇಲ್ಲ ಎಂದು ಬಂದರೆ ನಂಬಲು ಆಕೆಗೆ ಎಷ್ಟು ಅವಸರವಿರಲಿಲ್ಲವೋ, ಇದೆ ಎಂದು ಬಂದರೂ ಅಷ್ಟೇ. ಎಲ್ಲಿಯೋ ಹೊರಗೆ ಒಂದೇ ಪರೀಕ್ಷೆ ಮಾಡಿಸಿಕೊಂಡು, ಅದರಲ್ಲಿ ಇದೆಯೆಂದು ಬಂದು, ಕಾಲುವೆಗೆ ಹಾರಲು ಹೊರಟಿದ್ದ ಒಂದು ಜೀವವನ್ನು ಕೂಡಿಸಿಕೊಂಡು, ಬೇರೆ ಬೇರೆ ಕಿಟ್ಟಿನಲ್ಲಿ ಮತ್ತೆ ಪರೀಕ್ಷೆ ಮಾಡಿಸಿದಳಂತೆ. ಇರಲೇ ಇಲ್ಲ. "ಒಬ್ಬನ ಸಾಕ್ಷಿ ಕೇಳಿ ಫೈಸಲಾ ಕೊಡತಾರೇನು? ಮೂರು ಸಾಕ್ಷಿ ಒಂದಾ ಮಾತು ಹೇಳಬೇಕು. ಹೇಳಿದ್ರೂ ಸಾಯೋ ಮಾತ್ಯಾಕ? ದಿನಾ ಗುಳಿಗಿ ನುಂಗಿ ಎಲ್ಲಾರಂಗ ಬಾಳೇವು ಮಾಡೋವ್ರು ನನ್ನ ಕಣ್ಣ ಮುಂದ ಅದಾರ" ಎಂದಳು. ಹಾಗೆ ಹೇಳುವಾಗ ಆಕೆಯ ಕೈ ಮೊರದ ಮೇಲೆ ನಿಂತೇಬಿಡುತ್ತಿತ್ತು. ಆ ಕೈಗಳನ್ನು ನೋಡುತ್ತ ಕುಳಿತ ಸಂಜೆಗಳು ಈಗ ಎಲ್ಲಿ ಹುಡುಕಿದರೂ ಸಿಗುವುದಿಲ್ಲ.

ನನಗೆ ಶಾಲೆಯ ನೌಕರಿಯಾದ ಮರುವರ್ಷ ಲಗ್ನ ಗೊತ್ತಾಯಿತು. ಹುಡುಗ ಸಾಲಗುಂದದವನು. ಸಿಂಧನೂರಿನ ಒಂದು ಅಕ್ಕಿ ಗಿರಣಿಯವರ ಭತ್ತ ಕೊಯ್ಯುವ ಮಷೀನಿಗೆ ಡ್ರೈವರ್. ನೋಡಲು ಚೆನ್ನಾಗಿದ್ದ, ಮಾತು ಕಡಿಮೆ. ನನ್ನ ಮಾತು ಇಬ್ಬರಿಗೂ ಸಾಕಾಗುತ್ತದೆ ಎಂದು ನಾನು ಒಪ್ಪಿದೆ. ಮುಂದಿನದನ್ನು ಮುಚ್ಚಿಟ್ಟು ಕತೆ ಕಟ್ಟುವುದು ನನಗೆ ಬರುವುದಿಲ್ಲ, ಇದ್ದದ್ದನ್ನು ಈಗಲೇ ಹೇಳಿಬಿಡುತ್ತೇನೆ. ಸುಗ್ಗಿಯಲ್ಲಿ ಅವನು ಮಷೀನು ತೆಗೆದುಕೊಂಡು ನದಿಯಾಚೆಗೆ ಹೋಗಿದ್ದಾಗ ಒಂದು ಕಡೆ ಕಾಲು ಜಾರಿದ್ದ. ಲಗ್ನದ ಮಾತು ಎದ್ದ ಮೇಲೆ ಭಯ ಹತ್ತಿತು. ಸಿಂಧನೂರಿನ ಆಸ್ಪತ್ರೆಗೆ ಹೋದ. ಅಲ್ಲಿ ಅವನ ಎದುರಿಗೆ ಕುಳಿತವಳು ನಮ್ಮ ಚಿಗವ್ವ. ಪರೀಕ್ಷೆಯಲ್ಲಿ ಇಲ್ಲವೆಂದು ಬಂತು. ಆದರೆ ಆಗಿನ್ನೂ ಕೆಲವೇ ವಾರ ಕಳೆದಿತ್ತು. "ಇದಕ್ಕ ಮೂರು ತಿಂಗಳು ಮುದ್ದತ್ತು ಐತಿ. ಮುದ್ದತ್ತಾದ ಮ್ಯಾಲೆ ಮತ್ತ ಬಂದು ಮಾಡಿಸು" ಎಂದು ಚಿಗವ್ವ ಹೇಳಿ ಕಳಿಸಿದಳು. ಅವನು ಯಾರನ್ನು ಲಗ್ನವಾಗಲಿದ್ದಾನೆ ಎಂದು ಆಕೆಗೆ ಗೊತ್ತಿಲ್ಲ. ಆ ಅಕ್ಕೋರು ನಮ್ಮ ಗೋಡೆಯಾಚೆಯವರು ಎಂದು ಅವನಿಗೆ ಗೊತ್ತಿಲ್ಲ.

ಚಿಗವ್ವ ಹೇಳಿದ್ದು ಠೇವಣಿಯ ಮುದ್ದತ್ತು. ತುಂಬುವ ತನಕ ಕೈ ಹಚ್ಚಬಾರದು ಎಂದು. ಅವನು ಡ್ರೈವರ್ ಮನುಷ್ಯ. ಅವನಿಗೆ ಗೊತ್ತಿರುವ ಮುದ್ದತ್ತು ಗಾಡಿಯ ಇನ್ಶೂರೆನ್ಸಿನದು, ಪರ್ಮಿಟ್ಟಿನದು. ಮುಗಿಯುವ ತನಕ ಗಾಡಿ ರಸ್ತೆಗೆ ಬಿಡಬಹುದು, ಮುಗಿದರೆ ಹೊಸದಾಗಿ ಮಾಡಿಸಬೇಕು. ಇಲ್ಲವೆಂದು ಬಂದಿದೆ, ಇದು ಮೂರು ತಿಂಗಳು ನಡೆಯುತ್ತದೆ, ಅಷ್ಟರೊಳಗೆ ಲಗ್ನ ಮುಗಿಸಿಕೊಂಡುಬಿಡಬೇಕು ಎಂದು ಅವನು ತಿಳಿದುಕೊಂಡ. ಪಾಪ, ಒಳ್ಳೆಯ ಮನಸ್ಸಿನಿಂದಲೇ ತಿಳಿದುಕೊಂಡ. ಕಾಯಲೇಬೇಕಾದ ದಿನಗಳಲ್ಲಿಯೇ ನನ್ನನ್ನು ಮನೆ ತುಂಬಿಸಿಕೊಳ್ಳಲು ಅವಸರ ಮಾಡಿದ.

ದಿನ ಗೊತ್ತು ಮಾಡಲು ಅವನೂ ಅವನ ಅಣ್ಣನೂ ಒಂದು ಭಾನುವಾರ ನಮ್ಮ ಮನೆಗೆ ಬಂದರು. ನಾನು ಅಡುಗೆಮನೆಯ ಬಾಗಿಲ ಮರೆಗೆ ಕಿವಿಯಾಗಿ ನಿಂತಿದ್ದೆ. ಚಿಗವ್ವ ನಮ್ಮವ್ವನ ಕೈಗೆ ಆಸರೆಯೆಂದು ಬಂದವಳು ಚಹಾ ಸೋಸುತ್ತಿದ್ದಳು. ಯುಗಾದಿ ಕಳೆದ ಮೇಲೆ ನಿಧಾನಕ್ಕೆ ಮಾಡೋಣ ಎಂದು ನಮ್ಮಪ್ಪ ಅಂದ. ಮಾತೇ ಆಡದ ಹುಡುಗ ಥಟ್ಟನೆ ಬಾಯಿ ಬಿಟ್ಟ.

"ಅಷ್ಟು ದಿನಾ ಬ್ಯಾಡ್ರಿ ಮಾಮಾ. ಮುದ್ದತ್ತು ಮುಗಿಯೋದ್ರಾಗ ಮುಗಿಸಿಬಿಡೂನ್ರಿ."

"ಯಾತರ ಮುದ್ದತ್ತಪಾ?" ಎಂದು ನಮ್ಮಪ್ಪ.

"ಅದಾ... ಮಷೀನಿನ ಪರ್ಮಿಟ್ಟಿಂದ್ರೀ" ಎಂದು ಹುಡುಗ ತಡವರಿಸಿದ. ಎಲ್ಲರೂ ನಕ್ಕರು. ನನಗಾಗಿ ಎಷ್ಟು ಆತುರ ಇವನಿಗೆ ಎಂದು ನಾನು ಒಳಗೆ ನಾಚಿ ನೀರಾದೆ. ಚಿಗವ್ವ ಮಾತ್ರ ನಗಲಿಲ್ಲ. ಬಾಗಿಲಿನಿಂದ ಹಣಿಕಿ ನೋಡಿದವಳು ಹಾಗೆಯೇ ನಿಂತಳು. ಕೈಯಲ್ಲಿದ್ದ ಚಹಾ ಬಸಿಯ ತುಂಬ ಚೆಲ್ಲಿತು. ಆಮೇಲೆ ಬಸಿ ಒರೆಸಿ, ಹೊಸ ಚಹಾ ಹಾಕಿ, ತಾನೇ ಹೊರಗೆ ಒಯ್ದು ಕೊಟ್ಟಳು. ಹುಡುಗ ತಲೆ ಎತ್ತಿ ನೋಡಿ ಬೆಳ್ಳಗಾದ. ಚಿಗವ್ವ ಗೋಡೆ ನೋಡಿದಂತೆ ಅವನನ್ನು ನೋಡಿ, "ಸಕ್ಕರಿ ಸಾಕಾತೇನಪಾ?" ಎಂದು ಕೇಳಿ ಒಳಗೆ ಬಂದಳು.

ಒಂದು ವಾರದಲ್ಲಿ ಸಾಲಗುಂದದಿಂದ ಹೇಳಿಕೆ ಬಂತು. ಹುಡುಗನಿಗೆ ದೂರದ ಕೆಲಸ ಬಂದಿದೆಯಂತೆ, ಲಗ್ನ ಮುಂದಕ್ಕೆ ಹಾಕಬೇಕಂತೆ. ಮೊನ್ನೆ ಅವಸರ ಮಾಡಿದವನೇ ಇವತ್ತು ಹೀಗೆ ಅಂದರೆ ನಮ್ಮಪ್ಪ ಸುಮ್ಮನಿರುತ್ತಾನೆಯೇ? ಫೋನಿನಲ್ಲಿಯೇ ಜಗಳವಾಯಿತು. ಓಣಿಯಲ್ಲಿ ಹುಡುಗಿಗೇ ಏನೋ ಕೊರತೆ ಇರಬೇಕು ಎಂಬ ಗುಸುಗುಸು ಎದ್ದಿತು. ನನಗೆ ಶಾಲೆಗೆ ಹೋಗಲೂ ಮುಖವಿಲ್ಲದಂತಾಯಿತು. ಚಿಗವ್ವನ ಕಟ್ಟೆಗೆ ಹೋಗಿ ಅವನನ್ನು ಬಾಯಿಗೆ ಬಂದಂತೆ ಬೈದೆ.

"ಬಿಡ್ತೀನಿ ಚಿಗವ್ವಾ ಅವನ್ನ. ಬ್ಯಾರೆ ಹುಡುಗನ್ನ ನೋಡ್ರಿ ಅಂತ ಅಪ್ಪಗ ಹೇಳ್ತೀನಿ."

"ಹೇಳು. ಬ್ಯಾಡನ್ನಂಗಿಲ್ಲ" ಎಂದಳು ತೊಗರಿ ಆರಿಸುತ್ತ. "ಯಾರನ್ನ ಮಾಡಿಕೊಂಡ್ರೂ ಅವಸರ ಮಾಡಬ್ಯಾಡ."

ಬೇರೆಯವರಾಗಿದ್ದರೆ ಸಮಾಧಾನ ಹೇಳುತ್ತಿದ್ದರು, ಇವಳದು ಕಲ್ಲೆದೆ ಎಂದು ನನಗೆ ಸಿಟ್ಟೇ ಬಂತು. ಆದರೆ ಆ ದಿನಗಳಲ್ಲಿ ಆಕೆ ಸೊರಗಿದ್ದಳು. ಮಿರ್ಚಿ ತರುವುದನ್ನೂ ಮರೆಯುತ್ತಿದ್ದಳು. ಆಗಲೇ ಒಂದು ಹೊಸ ಚಾಳಿಯೂ ಅಂಟಿಕೊಂಡಿತ್ತು. ಯಾರಿಗೆ ಏನು ಹೇಳಿದರೂ "ನಾ ಏನ್ ಹೇಳಿದೆ, ಈಗ ನೀ ಹೇಳು" ಎಂದು ತಿರುಗಿ ಹೇಳಿಸುತ್ತಿದ್ದಳು. ಉಪ್ಪು ತರಲು ಹೊರಟ ಗಂಡನನ್ನೂ ಬಿಡಲಿಲ್ಲ. "ಉಪ್ಪು ತಾ ಅಂದಿ, ಉಪ್ಪು ತರ್ತೀನಿ" ಎಂದು ಕಾಕಾ ಒಪ್ಪಿಸಿ ಹೋಗುತ್ತಿದ್ದರು. ಆಸ್ಪತ್ರೆಯಲ್ಲಿ ಮುದ್ದತ್ತು ಎನ್ನುವ ಪದವನ್ನು ಆಕೆ ಪೂರ್ತಿ ಬಿಟ್ಟಿದ್ದಳು ಎಂದು ನನಗೆ ಬಹಳ ತಡವಾಗಿ ಗೊತ್ತಾಯಿತು. ಅಷ್ಟು ಪ್ರೀತಿಯಿಂದ ಮಾಡಿಕೊಂಡ ಪದ. ಗವಾಕ್ಷಿಯೂ ಬೇಡ, ಮುದ್ದತ್ತೂ ಬೇಡ ಎಂದು, ಬಂದವರಿಗೆಲ್ಲ ಹೊಲ ಬಿತ್ತುವ ಮಾತನ್ನೇ ಪೂರ್ತಿ ಬಿಡಿಸಿ ಹೇಳುತ್ತಿದ್ದಳಂತೆ.

ಮೂರು ತಿಂಗಳು ಕಳೆದ ಮೇಲೆ ಹುಡುಗ ಸಂತೆಕಲ್ಲೂರಿನ ಶಾಲೆಗೇ ಬಂದ. ಮಕ್ಕಳು ಊಟಕ್ಕೆ ಕುಳಿತಿದ್ದರು. ಬೇವಿನ ಗಿಡದ ಕೆಳಗೆ ನಿಂತು, ನೆಲ ನೋಡುತ್ತ, ಎಲ್ಲವನ್ನೂ ಹೇಳಿದ. ನದಿಯಾಚೆಯದು, ಮೊದಲ ಪರೀಕ್ಷೆ, ತಾನು ತಿಳಿದ ಉಲ್ಟಾ ಮುದ್ದತ್ತು, ಮೊನ್ನೆಯ ಎರಡನೆಯ ಪರೀಕ್ಷೆ. ಎರಡನೆಯದರಲ್ಲೂ ಇಲ್ಲವೆಂದೇ ಬಂದಿತ್ತು.

"ಆಸ್ಪತ್ರಿ ಅಕ್ಕೋರು ಗಿರಣಿಗೆ ಬಂದು, ನೀ ತಿಳಕೊಂಡಿದ್ದು ತಪ್ಪೈತಿ ಅಂದ್ರು. ಅದಕ್ಕಾ ಲಗ್ನ ಮುಂದಕ್ಕ ಹಾಕಿದೆ" ಎಂದ. "ನೀವು ಬ್ಯಾಡ ಅಂದ್ರ, ತಪ್ಪು ನಂದಾ ಅಂತ ನಾನಾ ನಿಮ್ಮಪ್ಪಗ ಹೇಳ್ತೀನ್ರಿ."

ನನಗೆ ಸಿಟ್ಟು, ಅಸಹ್ಯ, ಭಯ ಎಲ್ಲ ಒಟ್ಟಿಗೆ. ಆ ತಿಂಗಳೇ ಲಗ್ನದ ಅಕ್ಕಿಕಾಳು ಬಿದ್ದಿದ್ದರೆ ನನ್ನ ಗತಿ ಏನಾಗಬಹುದಿತ್ತು ಎಂದು ಕುಳಿತಲ್ಲಿ ನಿಂತಲ್ಲಿ ಅದೇ ಯೋಚನೆ. ಅವನಿಗೆ ಹೂಂ ಅನ್ನಲು ನನಗೆ ಬಹಳ ದಿನ ಹಿಡಿಯಿತು. ಸುಳ್ಳು ಹೇಳಿ ಪಾರಾಗಬಹುದಾಗಿದ್ದವನು ಹೇಳಲು ಬಂದನಲ್ಲ ಎಂಬ ಒಂದೇ ಕಾರಣಕ್ಕೆ ಅಂದೆ. ಅದೂ ಸುಮ್ಮನೆ ಅಲ್ಲ. ನನ್ನ ಕಣ್ಣೆದುರಿಗೆ ಲಿಂಗಸುಗೂರಿನಲ್ಲಿ ಇನ್ನೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳಬೇಕು ಎಂದೆ. ಬಂದ, ಮಾಡಿಸಿಕೊಂಡ. ಈಗ ನಮಗೊಬ್ಬಳು ಮಗಳಿದ್ದಾಳೆ.

ಆದರೆ ಚಿಗವ್ವನನ್ನು ನಾನು ಸುಲಭಕ್ಕೆ ಬಿಡಲಿಲ್ಲ. ಅವನು ಹೇಳಿದ ದಿನವೇ ಸಂಜೆ ಆಕೆಯ ಮನೆಗೆ ನುಗ್ಗಿ, "ಎಲ್ಲಾ ಗೊತ್ತಿದ್ದೂ ನನ್ನ ಮುಂದ ತೊಗರಿ ಆರಿಸಿಕೋತ ಕುಂತಿದ್ದ್ಯಲ್ಲ" ಎಂದೆ.

"ಏನ್ ಗೊತ್ತಿತ್ತು?"

"ಅವ ನಿನ್ನ ಹತ್ರ ಬಂದಿದ್ದು."

"ಯಾವ? ನಿನ್ನ ಹುಡುಗನೇನು? ಅವನ್ನ ನಾ ನಿಮ್ಮ ಪಡಸಾಲ್ಯಾಗ ಚಹಾ ಕೊಟ್ಟಾಗ ನೋಡಿದ್ದು" ಎಂದಳು. ಅವನೇ ಬಾಯಿಬಿಟ್ಟು ಹೇಳಿದ್ದಾನೆ ಅಂದರೂ, "ಅವ ಏನರ ಹೇಳಲಿ, ಅದು ಅವಂದು. ನಾ ನೋಡಿಲ್ಲ" ಎಂದಳು. ಲಗ್ನದಲ್ಲಿ ಅಕ್ಕಿಕಾಳು ಹಾಕುವಾಗಲೂ ಅಳಿಯನನ್ನು ಹೊಸಬನಂತೆ ಮಾತಾಡಿಸಿದಳು. ನಮ್ಮ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಎಣ್ಣೆ ಹಚ್ಚುವಾಗಲೂ ಅದೇ. ಎಷ್ಟೋ ವರ್ಷ ನಾನು ಬೇರೆ ಬೇರೆ ದಾರಿಯಿಂದ ಕೇಳಿದೆ, ಆಕೆ ಒಂದೇ ಉತ್ತರ ಕೊಟ್ಟಳು.

ಚಿಗವ್ವ, ಕಾಕಾ ಲಿಂಗಸುಗೂರಿಗೆ ವರ್ಗವಾಗಿ ಅಲ್ಲಿಯೇ ಮನೆ ಮಾಡಿದ ಮೇಲೆ ನಮ್ಮ ಭೇಟಿ ಕಡಿಮೆಯಾಯಿತು. ಹೋದ ಚಳಿಗಾಲದಲ್ಲಿ ಆಕೆ ಹಾಸಿಗೆ ಹಿಡಿದಾಗ ನೋಡಲು ಹೋದೆ. ಮಧ್ಯಾಹ್ನದ ಹೊತ್ತು, ಕಾಕಾ ಔಷಧ ತರಲು ಹೋಗಿದ್ದರು. ಮುಖ ಸಣ್ಣದಾಗಿತ್ತು, ಧ್ವನಿ ಮಾತ್ರ ಅದೇ. ಮಗಳ ಬಗ್ಗೆ, ಶಾಲೆಯ ಬಗ್ಗೆ ಕೇಳಿದಳು. ಹೇಳುತ್ತ ಹೇಳುತ್ತ ನನಗೆ ತಡೆಯಲಾಗಲಿಲ್ಲ. ಅಷ್ಟು ವರ್ಷ ಕೇಳದೆ ಉಳಿದದ್ದನ್ನು ಕೇಳಿದೆ.

"ಚಿಗವ್ವಾ, ಅವ ಬಂದಿದ್ನೋ ಇಲ್ಲೋ ಕೇಳಂಗಿಲ್ಲ. ಬ್ಯಾರೆ ಕೇಳ್ತೀನಿ. ಅವ ಲಗ್ನ ಮುಂದಕ್ಕ ಹಾಕಾಕ ಒಪ್ಪಲಾರದಾ ಇದ್ದಿದ್ರ? ನನಗ ಹೇಳ್ತಿದ್ದ್ಯೋ ಇಲ್ಲೋ?"

ಚಿಗವ್ವ ಹೊದಿಕೆಯನ್ನು ಎದೆಯ ತನಕ ಎಳೆದುಕೊಂಡಳು.

"ಹೇಳ್ತಿದ್ದಿಲ್ಲ."

"ನನಗೂ?"

"ನಿನಗೂ. ಒಮ್ಮೆ ಹೇಳಿಬಿಟ್ರ ಮರುದಿನಾ ಆಸ್ಪತ್ರಿ ಕ್ವಾಣಿಗೆ ಯಾರು ಬರ್ತಿದ್ರು? ಬರಲಾರದವ್ರು ಎಲ್ಲಿ ಹೋಗಬೇಕಿತ್ತು?"

ಸಾಯುವವರ ಮುಂದೆ ಸಿಟ್ಟು ಮಾಡಬಾರದು ಎಂದು ಗೊತ್ತಿತ್ತು. ಆದರೂ ಅಂದುಬಿಟ್ಟೆ. "ಹಂಗಾದ್ರ ನನ್ನ ಅವನ ಬಾಜೂಕ ಕೂಡಾಕ ಬಿಡ್ತಿದ್ದಿ. ನೋಡಿಕೋತ ನಿಂದ್ರತಿದ್ದಿ."

ಚಿಗವ್ವ ನನ್ನ ಕೈ ಹಿಡಿದಳು.

"ಬಿಡಬಾರದಂತಾನಾ ಅವನ ಕಾಲಿಗೆ ಬಿದ್ದೆ" ಎಂದಳು.

ಇದನ್ನು ಅವನು ನನಗೆ ಹೇಳಿರಲೇ ಇಲ್ಲ. ಸಂಜೆ ಮನೆಗೆ ಬಂದು ಕೇಳಿದೆ. ಬೂಟು ಬಿಚ್ಚುತ್ತಿದ್ದವನು ಹಾಗೆಯೇ ಹೊಸ್ತಿಲ ಮೇಲೆ ಕುಳಿತುಬಿಟ್ಟ.

"ನಾ ಒಪ್ಪಿದ್ದಿಲ್ಲ" ಎಂದ. "ಇಲ್ಲಂತ ಬಂದೈತಿ, ಮತ್ತ ನೀವ್ಯಾಕ ಅಡ್ಡ ಬರ್ತೀರಿ ಅಂತ ಜೋರು ಮಾಡಿದೆ. ಗಿರಣಿ ಹಿಂದ, ಭತ್ತದ ಚೀಲದ ಮರಿಗೆ ಕರಕೊಂಡು ಹೋಗಿ, ನನ್ನ ಎರಡೂ ಕಾಲು ಹಿಡಕೊಂಡುಬಿಟ್ರು. ನಮ್ಮವ್ವನ ವಯಸ್ಸಿನಾಕಿ. ಏಳ್ರಿ ಅಂದ್ರ ಏಳವಲ್ರು. ನಾ ಹೂಂ ಅಂದ ಮ್ಯಾಲಾ ಎದ್ರು. ಸೀರಿ ತುಂಬ ಹೊಟ್ಟು ಹತ್ತಿತ್ತು, ಝಾಡಿಸಿಕೊಳ್ಳಲಾರದಾ ಹೋಗಿಬಿಟ್ರು."